ಕಾಫಿ ಮಂಡಿಯ ಲೆಕ್ಕವೂ ನಾಲ್ವರು ವಿದ್ಯಾರ್ಥಿಗಳೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಇವೆರಡರ ಸಾಲಿಗೆ ಮೂರನೆಯದೊಂದನ್ನು ಸೇರಿಸಬಹುದೆಂದು ನಮಗೆ ತೋರುತ್ತದೆ: ವಿದ್ಯಾರ್ಥಿಗಳ ಕೈಯಿಂದ ಒಬ್ಬ ವರ್ತಕರಿಗೆ ತಂತ್ರಾಂಶವನ್ನು ಮಾಡಿಸಿ ನೋಡು. ಮನೆ ಕಟ್ಟಿಸುವವನಿಗೆ ಗೋಡೆಯು ಎಷ್ಟೆತ್ತರ ಬಂದಿತೆಂಬುದು ಕಣ್ಣಿಗೆ ಕಾಣುತ್ತದೆ. ಮದುವೆ ಮಾಡುವವನಿಗೆ ಮುಹೂರ್ತವೆಂಬ ಗಡುವು ಇರುತ್ತದೆ. ತಂತ್ರಾಂಶವಾದರೋ ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಮುಕ್ಕಾಲು ಪಾಲು ಮುಗಿಯಿತೆಂದು ಮಾಡುವವರು ಹೇಳಿದರೆ ಆ ಮುಕ್ಕಾಲನ್ನು ಅಳೆಯುವ ಕೋಲು ಯಾರಲ್ಲಿಯೂ ಇಲ್ಲ. ಉಳಿದ ಕಾಲು ಪಾಲು ಮೊದಲಿನ ಮುಕ್ಕಾಲಿಗಿಂತ ಹೆಚ್ಚು ದಿನ ಹಿಡಿಯುವುದೂ ಅಪೂರ್ವವಲ್ಲ. ಇಂಥದೊಂದು ಕೆಲಸದ ಮೇಲ್ವಿಚಾರಣೆ 2018ರ ಆಗಸ್ಟ್ ತಿಂಗಳಿಂದ 2019ರ ಜೂನ್ ತಿಂಗಳವರೆಗೆ ನಮ್ಮ ಪಾಲಿಗೆ ಬಂದಿತ್ತು. ನಮ್ಮ ವಾಚಕರಲ್ಲಿ ಅನೇಕರ ಮನೆಯ ಮಕ್ಕಳು ಈಗ ಇದೇ ವಿದ್ಯೆಯನ್ನು ಕಲಿಯುತ್ತಿರುವುದರಿಂದಲೂ, ಅನೇಕರು ತಾವೇ ಅಂಗಡಿ ಮಳಿಗೆಗಳನ್ನು ನಡೆಸುತ್ತಿರುವುದರಿಂದಲೂ ಆ ಹನ್ನೊಂದು ತಿಂಗಳ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಥಳ ಕಳಸ. ಆಗ ಅದು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲ್ಲೂಕಾಗಿದೆ. ಭದ್ರಾನದಿಯ ತೀರದಲ್ಲಿ ಕಳಸೇಶ್ವರ ದೇವಾಲಯದ ಸುತ್ತ ಬೆಳೆದ ಈ ಊರಿಗೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಯಾತ್ರಿಕರೂ, ಸುತ್ತಲ ಬೆಟ್ಟಗಳ ಕಾಫಿ, ಅಡಿಕೆ, ಮೆಣಸುಗಳೂ ಬಂದು ಸೇರುತ್ತವೆ. ಬೆಂಗಳೂರಿನಲ್ಲಿ ಬಹುಕಾಲ ತಂತ್ರಾಂಶದ ಉದ್ಯೋಗವನ್ನು ಮಾಡಿ, ಹಿರಿಯರ ಕಾಲದ ಸಣ್ಣ ತೋಟವೊಂದನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದ ನಮ್ಮಲ್ಲಿಗೆ ಒಂದು ದಿನ ಪೇಟೆಯ ಕಾಫಿ ವರ್ತಕರೊಬ್ಬರು ಬಂದರು. ಅವರ ಅಂಗಡಿಗೆ ನಾವೂ ಕಾಫಿ ಹಾಕುವವರೇ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಂದಿನಿಂದ ಅವರ ಲೆಕ್ಕಪರಿಶೋಧಕರು, ಕೈಬರಹದ ಪುಸ್ತಕ ಸಾಲದು, ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡಬೇಕೆಂದು ಒತ್ತಾಯಿಸುತ್ತಿದ್ದರಂತೆ. ಪೇಟೆಯಲ್ಲಿ ಸಿಕ್ಕುವ ಸಿದ್ಧ ತಂತ್ರಾಂಶಗಳಲ್ಲಿ ಕಾಫಿ ವ್ಯಾಪಾರದ ವಾಡಿಕೆಗಳು ಕೂಡುವುದಿಲ್ಲ. ಬೆಂಗಳೂರಿನ ಸಂಸ್ಥೆಗಳು ಕೇಳುವ ಹಣ ಅವರಿಗೆ ಎಟುಕುವುದಿಲ್ಲ. ಅದೇ ಸಮಯಕ್ಕೆ ಇಂಜಿನಿಯರಿಂಗ್ ಕಾಲೇಜೊಂದರ ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ಪದವಿಗೆ ಬೇಕಾದ ಯೋಜನಾಕಾರ್ಯಕ್ಕಾಗಿ ನಿಜವಾದ ಗಿರಾಕಿಯೊಬ್ಬರನ್ನು ಹುಡುಕುತ್ತಿದ್ದರು. ಇಬ್ಬರನ್ನೂ ಕೂಡಿಸುವ ಕೆಲಸ ನಮಗೆ ಬಂದಿತು.

ವಿದ್ಯಾರ್ಥಿಗಳ ಯೋಜನೆಗಳು ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಹಲವು ದಶಕಗಳಿಂದ ಇಂಥ ಯೋಜನೆಗಳಿಗೆ ಸಣ್ಣ ಮೊತ್ತದ ಸಹಾಯಧನವನ್ನು ಕೊಟ್ಟು, ಮೆಚ್ಚತಕ್ಕವುಗಳನ್ನು ಪ್ರದರ್ಶಿಸುತ್ತಲೂ ಬಂದಿದೆ. ಆದರೆ ಪ್ರದರ್ಶನಕ್ಕಾಗಿ ಮಾಡುವ ಕೆಲಸಕ್ಕೂ ಒಬ್ಬರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪ್ರತಿದಿನ ನಡೆಯಬೇಕಾದ ಕೆಲಸಕ್ಕೂ ಬಹಳ ಅಂತರವಿದೆ. ಮೊದಲನೆಯದು ಪರೀಕ್ಷಕರ ಮುಂದೆ ಅರ್ಧ ಗಂಟೆ ನಡೆದರೆ ಸಾಕು.

ವಿದ್ಯಾರ್ಥಿಗಳ ಮೊದಲ ಭೇಟಿ ಆಗಸ್ಟ್ ತಿಂಗಳ ಮಳೆಯಲ್ಲಾಯಿತು. ಚಿಕ್ಕಮಗಳೂರಿನಿಂದ ಕಳಸಕ್ಕೆ ತೊಂಬತ್ತು ಕಿಲೋಮೀಟರಿನಷ್ಟು ದಾರಿ. ಅದರಲ್ಲಿ ನೇರವಾದ ತುಂಡುಗಳು ಕಡಿಮೆ. ಬಸ್ಸಿನಿಂದ ಇಳಿದ ನಾಲ್ವರಲ್ಲಿ ಇಬ್ಬರ ಮುಖ ಬಾಡಿತ್ತು. ಬಿಸಿ ಕಷಾಯವನ್ನು ಕುಡಿದು ಸುಧಾರಿಸಿಕೊಂಡ ಮೇಲೆ ಅವರು ವರ್ತಕರನ್ನು ಪುಸ್ತಕದ ಪ್ರಶ್ನೆಯನ್ನೇ ಕೇಳಿದರು: ತಮಗೆ ಏನೇನು ಬೇಕು? ವರ್ತಕರು ಗೋಡೆಯ ಕಪಾಟಿನಲ್ಲಿದ್ದ ಕೆಂಪು ಬಟ್ಟೆಯ ಪುಸ್ತಕಗಳನ್ನು ತೋರಿಸಿ, 'ಇದರಲ್ಲಿರುವುದೆಲ್ಲ ಅದರಲ್ಲಿ ಬಂದರಾಯಿತು' ಎಂದರು. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು. ಇಷ್ಟಕ್ಕೆ ಬಿಟ್ಟಿದ್ದರೆ ಅವರು ಚಿಕ್ಕಮಗಳೂರಿಗೆ ಹಿಂದಿರುಗಿ, ಪ್ರವೇಶಪದ, ಬಣ್ಣಬಣ್ಣದ ನಕ್ಷೆ, ವರದಿ ಮುಂತಾದ ಅಲಂಕಾರಗಳುಳ್ಳ ವಸ್ತುವೊಂದನ್ನು ಕಟ್ಟಿ ತರುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ನಾವು ಅವರನ್ನು ಮೂರು ದಿನ ಉಳಿಸಿಕೊಂಡು, ಲ್ಯಾಪ್‌ಟಾಪುಗಳನ್ನು ನಮ್ಮ ಮನೆಯಲ್ಲಿಯೇ ಇರಿಸಿ, ಬರಿಯ ಕಾಗದ ಪೆನ್ಸಿಲುಗಳೊಡನೆ ಅಂಗಡಿಯ ಗುಮಾಸ್ತರ ಪಕ್ಕದಲ್ಲಿ ಕುಳ್ಳಿರಿಸಿದೆವು. ಕೇಳುವುದಕ್ಕಿಂತ ನೋಡುವುದೇ ಮೊದಲು ಎಂದು ನಾವು ಹೇಳಿದಾಗ ಅವರಲ್ಲೊಬ್ಬ ತನ್ನ ನಿರಾಶೆಯನ್ನು ಮರೆಮಾಡಲಿಲ್ಲ.

ಆ ಮೂರು ದಿನಗಳಲ್ಲಿ ಅವರು ಕಂಡದ್ದು ಯಾವ ಪಠ್ಯದಲ್ಲಿಯೂ ಇರಲಿಲ್ಲ. ಕಾಫಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. ಬೆಲೆಯನ್ನು ಹೇಳುವುದು 50 ಕಿಲೋ ಚೀಲಕ್ಕೆ. ಚೆರ್ರಿಯಾದರೆ ಮಾದರಿಯೊಂದನ್ನು ಒಡೆದು, ಸಿಪ್ಪೆ ಹೋದ ಮೇಲೆ ಬೇಳೆ ಎಷ್ಟು ಉಳಿಯುವುದೆಂದು ತೂಗಿ ನೋಡಬೇಕು. ಅರ್ಧಕ್ಕೆ ಸ್ವಲ್ಪ ಹೆಚ್ಚು ಉಳಿದರೆ ಸಾಧಾರಣವಾಗಿ ಸರಿ. ತೇವವು ಹತ್ತು ಹನ್ನೊಂದು ಪ್ರತಿಶತವನ್ನು ಮೀರಿದರೆ ಬೆಲೆ ಇಳಿಯುತ್ತದೆ. ಇಷ್ಟು ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ಮಾಡಿಯಾನು. ತೊಡಕು ಬೇರೆ ಕಡೆ ಇತ್ತು. ಬೆಳೆಗಾರನು ಕಾಫಿಯನ್ನು ತಂದು ಹಾಕುತ್ತಾನೆ, ಬೆಲೆ ಕಟ್ಟುವುದಿಲ್ಲ. ಚೀಟಿಯನ್ನು ಪಡೆದು ಮನೆಗೆ ಹೋಗುತ್ತಾನೆ. ಬೆಲೆ ಏರಿತೆಂದು ಕಂಡ ದಿನ ಬಂದು, 'ಇಂದಿನ ಬೆಲೆಗೆ ಅರ್ಧವನ್ನು ಕಟ್ಟಿ, ಇನ್ನರ್ಧ ಇರಲಿ' ಎನ್ನುತ್ತಾನೆ. ನಡುವೆ ಮಗಳ ಮದುವೆಗೋ ಗೊಬ್ಬರಕ್ಕೋ ಅದೇ ಕಾಫಿಯ ಮೇಲೆ ಮುಂಗಡವನ್ನು ಪಡೆದಿರುತ್ತಾನೆ. 1942ರ ಕಾಯಿದೆಯ ಕಾಲದಿಂದ 1990ರ ದಶಕದವರೆಗೆ ಬೆಳೆಯನ್ನು ಕಾಫಿ ಮಂಡಳಿಯ ಒಟ್ಟುರಾಶಿಗೆ ಒಪ್ಪಿಸಿ, ಹಣವು ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದ ಮನೆಗಳು ಇವು. ಆ ಕಟ್ಟು ಸಡಿಲವಾದ ಮೇಲೆ ಬೆಲೆಯನ್ನು ಆರಿಸುವ ಸ್ವಾತಂತ್ರ್ಯವೂ ಅದರ ಚಿಂತೆಯೂ ಒಟ್ಟಿಗೆ ಮನೆಗೆ ಬಂದವು.

ಹೀಗಾಗಿ ಗುಮಾಸ್ತರ ಪುಸ್ತಕದಲ್ಲಿ ಒಂದೊಂದು ಪುಟವೂ ಒಂದು ಸಂಸಾರದ ವರ್ಷವಾಗಿರುತ್ತದೆ. ಅಂಚಿನಲ್ಲಿ ಸಣ್ಣ ಗುರುತುಗಳು. ಒಂದು ಸೊನ್ನೆಯಿದ್ದರೆ ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಇಬ್ಬರ ರುಜುವಿಲ್ಲದೆ ಹಣ ಕೊಡಕೂಡದು. ಎರಡು ಗೆರೆಯಿದ್ದರೆ ಯಜಮಾನನ ಕೈಗೆ ಕೊಡದೆ ಮನೆಯಾಕೆಯ ಕೈಗೆ ಕೊಡತಕ್ಕದ್ದು. ಏತಕ್ಕೆಂಬುದನ್ನು ವಾಚಕರೇ ಊಹಿಸಬಹುದು. ಈ ಗುರುತುಗಳನ್ನು ವರ್ತಕರು ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ; ಮರೆಮಾಚಿದ್ದಲ್ಲ, ಅವು ಲೆಕ್ಕಕ್ಕೆ ಸೇರಿದ ಸಂಗತಿಗಳೆಂದು ಅವರಿಗೇ ತೋರಿರಲಿಲ್ಲ.

ಇದೇ ಸಂದರ್ಭದಲ್ಲಿ ಒಬ್ಬ ಹುಡುಗ ಪುಸ್ತಕದ ಪುಟಗಳ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡದ್ದು ನಮ್ಮ ಗಮನಕ್ಕೆ ಬಂದಿತು. ಅವನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಕಾಲೇಜಿನ ಕೋಣೆಯಲ್ಲಿ ಕೆಲಸ ಮಾಡಲು ಮಾದರಿ ಬೇಕಷ್ಟೆ. ಆದರೆ ಯಾರ ಮನೆಗೆ ಎಷ್ಟು ಸಾಲವಿದೆಯೆಂಬುದು ಊರಿನಲ್ಲಿ ಹರಡತಕ್ಕ ಸುದ್ದಿಯಲ್ಲ. ಆ ಚಿತ್ರಗಳನ್ನು ಅಲ್ಲಿಯೇ ಅಳಿಸಿಸಿ, ಕಲ್ಪಿತ ಹೆಸರುಗಳನ್ನೂ ಕಲ್ಪಿತ ಮೊತ್ತಗಳನ್ನೂ ಇಟ್ಟು ನೂರು ಪುಟಗಳ ಒಂದು ಸುಳ್ಳು ಪುಸ್ತಕವನ್ನು ಸಿದ್ಧಮಾಡಿಸಿದೆವು. ಆ ವರ್ಷವೆಲ್ಲ ವಿದ್ಯಾರ್ಥಿಗಳು ಪ್ರಯೋಗ ಮಾಡಿದ್ದು ಆ ಸುಳ್ಳು ಪುಸ್ತಕದ ಮೇಲೆಯೇ. ವರ್ತಕರು ಈ ಹುಡುಗರನ್ನು ಪೂರ್ಣವಾಗಿ ನಂಬಿದ್ದು ಆ ದಿನದಿಂದ ಎಂದು ನಮ್ಮ ಎಣಿಕೆ.

ಮುಂದಿನದು ಒಪ್ಪಂದದ ಕಾಗದ. ಅದು ಒಂದೇ ಪುಟದ್ದಾಗಿರಬೇಕೆಂದೂ ಕನ್ನಡದಲ್ಲಿರಬೇಕೆಂದೂ ನಾವು ಹಟ ಹಿಡಿದೆವು. ಏನನ್ನು ಮಾಡಿಕೊಡುವರೆಂಬುದು ಮೇಲಿನ ಅರ್ಧದಲ್ಲಿ, ಏನನ್ನು ಮಾಡಿಕೊಡುವುದಿಲ್ಲವೆಂಬುದು ಕೆಳಗಿನ ಅರ್ಧದಲ್ಲಿ. ಕೆಳಗಿನ ಅರ್ಧವೇ ಮುಂದೆ ನಮ್ಮನ್ನು ಕಾಪಾಡಿತು. ಏಕೆಂದರೆ ವರ್ತಕರಿಗೆ ಕಂಪ್ಯೂಟರಿನ ರುಚಿ ಹತ್ತಿದಂತೆಲ್ಲ ಆಸೆಗಳೂ ಬೆಳೆದವು. ದಿನದ ಬೆಲೆ ಎಲ್ಲ ಬೆಳೆಗಾರರ ಫೋನಿಗೆ ಹೋಗಬೇಕು. ಕೊಯ್ಲಿನ ಆಳುಗಳ ಕೂಲಿ ಬರಬೇಕು. ಅಳಿಯನ ಮೂಡಿಗೆರೆಯ ಅಂಗಡಿಯೂ ಸೇರಬೇಕು. ಬೇಡವೆಂದು ನಾವು ಎಂದೂ ಹೇಳಲಿಲ್ಲ. ಕಾಗದವನ್ನು ತೆಗೆದು, 'ಇದನ್ನು ಸೇರಿಸಬಹುದು, ಬದಲಿಗೆ ಮೇಲಿನ ಅರ್ಧದಲ್ಲಿ ಯಾವುದನ್ನು ಬಿಡೋಣ?' ಎಂದು ಕೇಳುತ್ತಿದ್ದೆವು. ವ್ಯಾಪಾರಸ್ಥರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಣದ ಮಾತೂ ಆ ಕಾಗದದಲ್ಲಿತ್ತು. ವಿದ್ಯಾರ್ಥಿಗಳಲ್ಲವೇ, ಊಟ ಹಾಕಿದರಾಯಿತೆಂಬುದು ವರ್ತಕರ ಮೊದಲ ಅಭಿಪ್ರಾಯ. ಕಾಲೇಜಿನಲ್ಲಿಯೂ ಕೆಲವರು, ಅಂಕಕ್ಕಾಗಿ ಮಾಡುವ ಕೆಲಸಕ್ಕೆ ಹಣವೇಕೆ ಎಂದರು. ನಾವು ಒಪ್ಪಲಿಲ್ಲ. ಬಿಟ್ಟಿ ಬಂದ ವಸ್ತುವನ್ನು ಯಾರೂ ಪರೀಕ್ಷಿಸಿ ತೆಗೆದುಕೊಳ್ಳುವುದಿಲ್ಲ. ಪರೀಕ್ಷಿಸದ ಲೆಕ್ಕ ಅಪಾಯಕರ. ಕೊನೆಗೆ ಬಸ್ಸಿನ ಖರ್ಚು ಬೇರೆ, ನಾಲ್ವರಿಗೆ ಸೇರಿ ಇಪ್ಪತ್ತು ಸಾವಿರ ರೂಪಾಯಿ, ಅರ್ಧ ಮೊದಲು, ಅರ್ಧ ಕೆಲಸ ಒಪ್ಪಿಸಿದ ಮೇಲೆ ಎಂದು ಗೊತ್ತಾಯಿತು. ಹತ್ತು ಸಾವಿರವನ್ನು ಎಣಿಸಿ ಕೊಟ್ಟ ಮರುದಿನದಿಂದಲೇ ವರ್ತಕರು, ಕೆಲಸ ಎಲ್ಲಿಗೆ ಬಂದಿತೆಂದು ನಿಯಮವಾಗಿ ವಿಚಾರಿಸತೊಡಗಿದರು.

ಕೆಲಸವನ್ನು ಯಾವ ಸಾಮಗ್ರಿಯಿಂದ ಕಟ್ಟಬೇಕೆಂಬ ವಿಷಯದಲ್ಲಿ ವಿದ್ಯಾರ್ಥಿಗಳಿಗೂ ನಮಗೂ ಸ್ವಲ್ಪ ಜಗ್ಗಾಟ ನಡೆಯಿತು. ಆ ವರ್ಷ ಬ್ಲಾಕ್‌ಚೈನ್ ಎಂಬ ಶಬ್ದಕ್ಕೆ ಎಲ್ಲಿಲ್ಲದ ಮರ್ಯಾದೆ. ವರದಿಯ ಶೀರ್ಷಿಕೆಯಲ್ಲಿ ಅದೊಂದಿದ್ದರೆ ಅಂಕಗಳು ತಾವಾಗಿ ಬರುತ್ತವೆಂದು ಅವರು ತಿಳಿದಿದ್ದರು. (2019ರ ಮಾರ್ಚ್ ತಿಂಗಳಲ್ಲಿ ಕಾಫಿ ಮಂಡಳಿಯೇ ಬ್ಲಾಕ್‌ಚೈನ್ ಆಧಾರದ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ನಮ್ಮ ಹುಡುಗರು ನಮ್ಮನ್ನು ಅರ್ಥಗರ್ಭಿತವಾಗಿ ನೋಡಿದರು.) ಆದರೆ ಕಳಸದ ಮಳೆಗಾಲವೆಂದರೆ ಏನೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಮಳೆ ಜೋರಾದರೆ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯೇ ಹರಿದು ಹೊರನಾಡಿನ ದಾರಿ ಕಡಿಯುವ ಸೀಮೆಯಿದು. ಮರ ಬಿದ್ದು ವಿದ್ಯುತ್ತು ಎರಡು ಮೂರು ದಿನ ಬಾರದಿರುವುದು, ಫೋನಿನ ಸಂಪರ್ಕ ಹೋಗುವುದು ಯಾರಿಗೂ ಸುದ್ದಿಯಲ್ಲ. ದೂರದ ಯಂತ್ರದಲ್ಲಿಟ್ಟ ಲೆಕ್ಕವು ಇಂಥಲ್ಲಿ ನಡೆಯಲಾರದು. ಆದ್ದರಿಂದ ಎಲ್ಲವೂ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ, ಎಸ್‌ಕ್ಯೂಎಲೈಟ್ ಎಂಬ ಸರಳವಾದ ದತ್ತಾಂಶ ವ್ಯವಸ್ಥೆಯ ಒಂದೇ ಕಡತದಲ್ಲಿ ಇರತಕ್ಕದ್ದೆಂದು ಗೊತ್ತುಮಾಡಿದೆವು. ಆ ಕಡತದ ಪ್ರತಿಯನ್ನು ಪ್ರತಿ ಸಂಜೆಯೂ ಎರಡು ಪೆನ್ ಡ್ರೈವುಗಳಿಗೆ ತೆಗೆದು, ಒಂದನ್ನು ಅಂಗಡಿಯ ಕಪಾಟಿನಲ್ಲಿಯೂ ಇನ್ನೊಂದನ್ನು ವರ್ತಕರ ಮನೆಯಲ್ಲಿಯೂ ಇಡುವುದು. ವರ್ತಕರ ತಾಯಿಯವರು ಅದಕ್ಕೆ ದೇವರ ಕೋಣೆಯಲ್ಲಿ, ಪಂಚಾಂಗದ ಪಕ್ಕ, ಒಂದು ಸಣ್ಣ ಡಬ್ಬಿಯನ್ನು ಗೊತ್ತುಮಾಡಿದರು.

ಭಾಷೆಯದು ಇನ್ನೊಂದು ಸಂಗತಿ. ಹುಡುಗರು ಮೊದಲು ತಂದ ಪರದೆಯ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಿಸಿ ತನ್ನಿರೆಂದರೆ ನಿಘಂಟನ್ನು ನೋಡಿ ಎಂಥೆಂಥದೋ ಸಂಸ್ಕೃತ ಸಮಾಸಗಳನ್ನು ತಂದರು. ಗುಮಾಸ್ತರು ಅವನ್ನು ಓದಿ ಭಕ್ತಿಯಿಂದ ತಲೆದೂಗಿದರೇ ಹೊರತು ಅವರಿಗೆ ಒಂದೂ ತಿಳಿಯಲಿಲ್ಲ. ಆಮೇಲೆ ಅವರ ಬಾಯಲ್ಲಿ ಬರುವ ಮಾತುಗಳನ್ನೇ ಹಾಕಿಸಿದೆವು: ಜಮೆ, ಖರ್ಚು, ಬಾಕಿ, ಇಟ್ಟ ಕಾಫಿ, ಬೆಲೆ ಕಟ್ಟಿದ್ದು. ಹಳೆಯ ಹೆಸರುಪಟ್ಟಿಯು ನುಡಿ ತಂತ್ರಾಂಶದ ಹಿಂದಿನ ಅಕ್ಷರಶೈಲಿಯಲ್ಲಿದ್ದುದರಿಂದ ಹೊಸ ಪರದೆಯ ಮೇಲೆ ಅದು ರೋಮನ್ ಅಕ್ಷರಗಳ ಗೊಂದಲವಾಗಿ ಕಂಡಿತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ನಮ್ಮ ಅಂಗಡಿ ಕಛೇರಿಗಳ ಹಳೆಯ ಕಡತಗಳು ಆ ಬದಿಗೆ ಇನ್ನೂ ದಾಟಿಲ್ಲ. ಪಟ್ಟಿಯನ್ನು ಪರಿವರ್ತಿಸಿ ತಿದ್ದಲು ಒಂದು ವಾರ ಹೋಯಿತು. ಒಂದೇ ಹೆಸರಿನ ಮೂವರು ಗೌಡರು, ಇಬ್ಬರು ಭಟ್ಟರು ಇದ್ದಾಗ ಅವರನ್ನು ಗುರುತಿಸುವುದು ಸಂಖ್ಯೆಯಿಂದಲ್ಲ, ಮನೆಯ ಹೆಸರಿನಿಂದ ಎಂಬುದನ್ನೂ ಹುಡುಗರು ಅಲ್ಲಿಯೇ ಕಲಿತರು.

ಇನ್ನು ನಾಲ್ವರ ವಿಷಯ. ಒಬ್ಬ ಬಹು ಚುರುಕು. ಉಳಿದವರು ಯೋಚಿಸುವಷ್ಟರಲ್ಲಿ ತಾನೇ ಬರೆದು ಮುಗಿಸುತ್ತಿದ್ದ. ಒಬ್ಬ ಮಾತಿನಲ್ಲಿ ಮುಂದೆ. ಒಬ್ಬ ಹುಡುಗಿ, ಬಾಳೆಹೊನ್ನೂರು ಕಡೆಯ ಸಣ್ಣ ಬೆಳೆಗಾರರ ಮಗಳು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಿದ್ದಳು. ನಾಲ್ಕನೆಯವನು ಮೂರು ವಾರ 'ಆಗಿದೆ ಸಾರ್, ಸ್ವಲ್ಪ ಉಳಿದಿದೆ' ಎಂದ. ವಿಚಾರಿಸಲಾಗಿ ಅವನಿಗೆ ಕೆಲಸದ ಬುಡವೇ ಹತ್ತಿರಲಿಲ್ಲ, ಹೇಳಲು ನಾಚಿಕೆ. ಬೈದರೆ ನಾಚಿಕೆ ಹೆಚ್ಚುತ್ತದೆ. ಆದ್ದರಿಂದ ಒಂದು ಪದ್ಧತಿಯನ್ನು ಮಾಡಿದೆವು: ಪ್ರತಿ ಭಾನುವಾರ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ನಡೆಸಿ ತೋರಿಸಬೇಕು, ಮಾತಿನ ವರದಿ ಬೇಡ. ತೋರಿಸಲು ಏನೂ ಇಲ್ಲದಿದ್ದರೆ ಎಲ್ಲಿ ಸಿಕ್ಕಿಬಿದ್ದಿದ್ದೇವೆಂಬುದನ್ನೇ ತೋರಿಸಬೇಕು. ಚುರುಕಿನವನಿಗೆ ಬರೆಯುವುದನ್ನು ಕಡಿಮೆ ಮಾಡಿ, ಇತರರು ಬರೆದದ್ದನ್ನು ಓದಿ ಪರೀಕ್ಷಿಸುವ ಭಾರವನ್ನು ಹೊರಿಸಿದೆವು. ಅದು ಅವನಿಗೆ ಮೊದಲು ಶಿಕ್ಷೆಯೆಂದೇ ತೋರಿತು. ಮಾತುಗಾರನನ್ನು ವರ್ತಕರೊಡನೆ ವ್ಯವಹರಿಸಲು ಬಿಟ್ಟೆವು, ಆದರೆ ಯಾವುದನ್ನೂ ಒಪ್ಪಿಕೊಂಡು ಬರಕೂಡದೆಂಬ ಕಟ್ಟಳೆಯ ಮೇಲೆ.

ನವೆಂಬರಿನಲ್ಲಿ ಕೆಲಸ ಹಿಂದೆ ಬಿದ್ದಿತು. ಅರೇಬಿಕಾ ಕೊಯ್ಲು ಆರಂಭವಾಗಿತ್ತು. ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಗಳು. ಕಾಲೇಜಿನಿಂದ ಇನ್ನೂ ಇಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಡುತ್ತೇವೆಂಬ ಮಾತು ಬಂದಿತು. ಅಡಿಗೆಮನೆಯಲ್ಲಿ ಕೈ ಹೆಚ್ಚಾದರೆ ಕೆಲಸ ಬೇಗ ಆಗುವುದು ತರಕಾರಿ ಹೆಚ್ಚುವವರೆಗೆ ಮಾತ್ರ. ಒಗ್ಗರಣೆಗೆ ಆರು ಜನ ನಿಂತರೆ ಸೀದುಹೋಗುತ್ತದೆ. ಅಮೆರಿಕೆಯ ಫ್ರೆಡ್ ಬ್ರೂಕ್ಸ್ ಎಂಬವರು ಐ.ಬಿ.ಎಂ. ಸಂಸ್ಥೆಯ ದೊಡ್ಡದೊಂದು ತಂತ್ರಾಂಶ ಕಾರ್ಯವನ್ನು ನಡೆಸಿದ ಅನುಭವದ ಮೇಲೆ 1975ರಲ್ಲಿ ಒಂದು ಪುಸ್ತಕವನ್ನು ಬರೆದು, ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂದು ತೋರಿಸಿದ್ದಾರೆ. ಹಳಬರ ಹೊತ್ತೆಲ್ಲ ಹೊಸಬರಿಗೆ ವಿವರಿಸುವುದರಲ್ಲಿ ಹೋಗುತ್ತದೆ. ನಮ್ಮೂರಿನ ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂಬ ದೊಡ್ಡ ಬಂಡೆಯೊಂದಿದೆ. ಅದನ್ನು ತೋರಿಸಿ ನಾವು ಹುಡುಗರೊಡನೆ ವಿನೋದ ಮಾಡುವುದುಂಟು: ಇಲ್ಲಿ ಹೊತ್ತವರು ಒಬ್ಬರೇ, ಆದ್ದರಿಂದಲೇ ಕೆಲಸ ಮುಗಿಯಿತು. ಅಂತೂ ಇಬ್ಬರನ್ನೂ ವಂದನೆಯೊಡನೆ ಹಿಂದಕ್ಕೆ ಕಳುಹಿಸಿದೆವು.

ಜನರನ್ನು ಹೆಚ್ಚಿಸುವ ಬದಲು ಕೆಲಸವನ್ನು ಕತ್ತರಿಸಿದೆವು. ಅರೇಬಿಕಾ ಬೆಳೆ ಈ ವರ್ಷ ಪುಸ್ತಕದಲ್ಲಿಯೇ ನಡೆಯಲಿ. ಪರೀಕ್ಷೆಗಳು ಮುಗಿದು ರೊಬಸ್ಟಾ ಬರುವ ಜನವರಿ ಕೊನೆಯ ವೇಳೆಗೆ ಮೂರು ಮಾತ್ರ ನಡೆದರೆ ಸಾಕು: ತೂಕದ ಚೀಟಿ, ಇಟ್ಟ ಕಾಫಿಯ ಲೆಕ್ಕ, ಬೆಲೆ ಕಟ್ಟುವುದು. ಮುಂಗಡ ಬಡ್ಡಿಗಳು ಏಪ್ರಿಲಿಗೆ. ಪರೀಕ್ಷೆಯ ಐದು ವಾರ ನಾವು ಯಾರಿಗೂ ಫೋನು ಮಾಡಲಿಲ್ಲ. ವರ್ತಕರು ಚಡಪಡಿಸಿದರು, ಆದರೆ ಹುಡುಗರಿಗೆ ಇದೊಂದೇ ಕೆಲಸವಲ್ಲ, ಒಂದು ವಿಷಯ ಹೋದರೆ ಒಂದು ವರ್ಷವೇ ಹೋದೀತು.

ಇಷ್ಟರ ನಡುವೆ ಎದ್ದ ಒಂದು ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತೂಕದ ಚೀಟಿಯ ಭಾಗ ಆ ಮಾತನಾಡದ ಹುಡುಗಿಯ ಪಾಲಿಗೆ ಬಂದಿತ್ತು. ಗುಮಾಸ್ತರು ಪ್ರತಿ ಚೀಲಕ್ಕೂ ಒಂದು ಕಿಲೋ ಕಳೆದು ಬರೆಯುತ್ತಿದ್ದರು. ಏತಕ್ಕೆಂದು ಕೇಳಿದರೆ 'ಚೀಲದ ತೂಕ, ವಾಡಿಕೆ' ಎಂದರು. ಆಕೆ ಏನನ್ನೂ ಹೇಳದೆ ಅಂಗಡಿಯ ತಕ್ಕಡಿಯಲ್ಲಿಯೇ ಇಪ್ಪತ್ತು ಖಾಲಿ ಗೋಣಿಚೀಲಗಳನ್ನು ಒಟ್ಟಿಗೆ ಇಟ್ಟು ತೂಗಿದಳು. ಹದಿಮೂರೂವರೆ ಕಿಲೋ ಬಂದಿತು. ಅಂದರೆ ಚೀಲವೊಂದಕ್ಕೆ 675 ಗ್ರಾಂ. ನಲವತ್ತು ಚೀಲ ಹಾಕುವ ಮನೆಗೆ ಹದಿಮೂರು ಕಿಲೋ ಕಾಫಿ ಲೆಕ್ಕದಿಂದ ಜಾರಿಹೋಗುತ್ತಿತ್ತು. ಮುಂದಿನ ಭಾನುವಾರ ತನ್ನ ಸರದಿ ಬಂದಾಗ ಆಕೆ ಪರದೆಯನ್ನು ತೋರಿಸಲಿಲ್ಲ. ಈ ಅಂಕಿಗಳನ್ನು ಬರೆದ ಚೀಟಿಯನ್ನು ನಮ್ಮ ಮುಂದಿಟ್ಟು, 'ಒಂದು ಎಂದು ನಾನು ಬರೆದರೆ ಇನ್ನು ಮೇಲೆ ಎಲ್ಲರಿಗೂ ಯಂತ್ರವೇ ಕಳೆಯುತ್ತದೆ. ಬರೆಯಲೇ?' ಎಂದು ಕೇಳಿದಳು.

ನಾವು ಕೂಡಲೆ ಉತ್ತರ ಹೇಳಲಿಲ್ಲ. ನಾವೂ ಆ ಅಂಗಡಿಗೆ ಕಾಫಿ ಹಾಕುವವರಾದ್ದರಿಂದ ನಮ್ಮ ಬಾಯಿಂದ ಬಂದ ಮಾತು ನಮ್ಮ ಹದಿಮೂರು ಕಿಲೋಗಾಗಿ ಬಂದಂತೆ ಕೇಳಿಸಬಹುದಿತ್ತು. ಮಾತುಗಾರನ ಅಭಿಪ್ರಾಯದಲ್ಲಿ ಇದು ಗಿರಾಕಿಯ ವ್ಯವಹಾರ, ಅವರು ಹೇಳಿದಂತೆ ಬರೆಯುವುದು ನಮ್ಮ ಕೆಲಸ. ಚುರುಕಿನವನು, ಯಾರಿಗೂ ಹೇಳದೆ 675 ಗ್ರಾಂ ಎಂದು ಬರೆದುಬಿಡೋಣವೆಂದ. ಎರಡೂ ನಮಗೆ ಸರಿಬೀಳಲಿಲ್ಲ. ಮೊದಲನೆಯದರಲ್ಲಿ ಬೆಳೆಗಾರನಿಗೆ ಮೋಸ, ಎರಡನೆಯದರಲ್ಲಿ ವರ್ತಕರಿಗೆ. ಗಿರಾಕಿಯ ಲೆಕ್ಕವನ್ನು ಅವರ ಹಿಂದಿನಿಂದ ಬದಲಿಸುವವನು ಎಷ್ಟೇ ಸದುದ್ದೇಶದವನಾದರೂ ಅವನ ಕೈಗೆ ಲೆಕ್ಕವನ್ನು ಕೊಡಲಾಗದು. ಹುಡುಗಿಯೇ ವರ್ತಕರೊಡನೆ ಮಾತನಾಡತಕ್ಕದ್ದೆಂದು ಗೊತ್ತಾಯಿತು. ನಾವು ಜೊತೆಗೆ ಹೋದೆವು.

ವರ್ತಕರು ಮೊದಲು ನಕ್ಕರು, ಆಮೇಲೆ ಸ್ವಲ್ಪ ಸಿಟ್ಟಾದರು. ಅವರ ಕಡೆಯ ನ್ಯಾಯವನ್ನೂ ಹೇಳಬೇಕಷ್ಟೆ. ಬೆಲೆ ಕಟ್ಟದೆ ಆರು ತಿಂಗಳು ಗೋದಾಮಿನಲ್ಲಿ ಬಿದ್ದಿರುವ ಕಾಫಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ಎತ್ತಿ ಇಳಿಸುವಾಗ ಚೆಲ್ಲುತ್ತದೆ. ಗೋದಾಮಿಗೆ ಬಾಡಿಗೆಯನ್ನು ಯಾರೂ ಕೊಡುವುದಿಲ್ಲ. ಇದೆಲ್ಲ ಆ ಒಂದು ಕಿಲೋದಲ್ಲಿ ಅಡಗಿತ್ತು. 'ಹಾಗಾದರೆ ಅದನ್ನು ಬೇರೆ ಸಾಲಿನಲ್ಲಿ ಅಚ್ಚು ಮಾಡುತ್ತೇನೆ. ಚೀಲದ ತೂಕ ಇಷ್ಟು, ಒಣಗಿಗೆ ಇಷ್ಟು ಎಂದು ನೀವೇ ಹೇಳಿ' ಎಂದಳು ಹುಡುಗಿ. ವರ್ತಕರು ನೋಡೋಣವೆಂದರು. ಮೂರು ವಾರ ಉತ್ತರ ಬರಲಿಲ್ಲ. ನಾವು ಒತ್ತಾಯಿಸಲಿಲ್ಲ, ಚೀಟಿಯ ಆ ಭಾಗವನ್ನು ಬರೆಯಿಸಲೂ ಇಲ್ಲ. ಕೊನೆಗೆ ಗುಮಾಸ್ತರಿಂದ ತಿಳಿದದ್ದೇನೆಂದರೆ, ಈ ಮಾತು ಮನೆಯಲ್ಲಿ ಊಟದ ಹೊತ್ತಿನಲ್ಲಿ ಬಂದಾಗ ವರ್ತಕರ ತಾಯಿಯವರು ಎಲೆಗೆ ಮಜ್ಜಿಗೆ ಬಡಿಸುತ್ತಾ, 'ಕಳೆಯುವುದಾದರೆ ಬರೆದು ಕಳೆಯೋ' ಎಂದರಂತೆ.

ಚೀಟಿಯಲ್ಲಿ ಎರಡು ಸಾಲುಗಳು ಬಂದವು: ಚೀಲದ ತೂಕ 700 ಗ್ರಾಂ, ಒಣಗು 300 ಗ್ರಾಂ. ವಾಚಕರು ಕೂಡಿ ನೋಡಿದರೆ ಮತ್ತೆ ಒಂದೇ ಕಿಲೋ! ನಾಲ್ವರೂ ನಿರಾಶರಾದರು. ಆದರೆ ಫೆಬ್ರವರಿಯಲ್ಲಿ ಅಚ್ಚಾದ ಚೀಟಿಗಳು ಮನೆಮನೆಗೆ ಹೋದ ಮೇಲೆ, ಚೆನ್ನಾಗಿ ಒಣಗಿಸಿ ತಂದವರು 'ನಮಗೇಕೆ ಒಣಗು?' ಎಂದು ಕೇಳತೊಡಗಿದರು. ಮರುವರ್ಷ ವರ್ತಕರು ತೇವ ಅಳೆಯುವ ಯಂತ್ರವನ್ನು ಕೊಂಡರು. ಮಿತಿಯೊಳಗಿದ್ದವರಿಗೆ ಆ ಸಾಲಿನಲ್ಲಿ ಸೊನ್ನೆ ಬೀಳತೊಡಗಿತು. ಕೆಲವರಿಗೆ ಹಿಂದಿಗಿಂತ ಹೆಚ್ಚಾಗಿಯೂ ಬಿದ್ದಿತೆಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಆ ವರ್ಷ ನಮ್ಮ ತೋಟದ ಚೀಟಿಯಲ್ಲಿ 200 ಗ್ರಾಂ ಎಂದಿತ್ತು.

ರೊಬಸ್ಟಾ ಬಂದಾಗ ಐದು ವಾರ ಪುಸ್ತಕವೂ ಯಂತ್ರವೂ ಜೊತೆಯಾಗಿ ನಡೆದವು. ಕರೆಂಟು ಹೋದಾಗ ಕೆಲಸ ನಿಲ್ಲಬಾರದೆಂದು ಕಾರ್ಬನ್ ಚೀಟಿಯ ಪುಸ್ತಕವೇ ಮೊದಲು, ಯಂತ್ರ ಆಮೇಲೆ. ಪ್ರತಿ ರಾತ್ರಿ ಎರಡನ್ನೂ ತಾಳೆ ನೋಡುವ ಕೆಲಸವನ್ನು ಗುಮಾಸ್ತರಿಗೆ ವಹಿಸಿದೆವು. ಇದಕ್ಕೆ ಕಾರಣವಿತ್ತು. ಮೊದಲ ದಿನದಿಂದಲೂ ಆ ವೃದ್ಧರು, ತಮ್ಮ ಮೂವತ್ತು ವರ್ಷದ ಕುರ್ಚಿಯನ್ನು ಈ ಪೆಟ್ಟಿಗೆ ಕಸಿಯುವುದೆಂದು ಒಳಗೇ ಕುಗ್ಗಿದ್ದರು. ಯಂತ್ರದ ತಪ್ಪನ್ನು ಹಿಡಿಯುವ ಅಧಿಕಾರವು ಕೈಗೆ ಬಂದ ಮೇಲೆ ಅವರ ಉತ್ಸಾಹವೇ ಬೇರೆಯಾಯಿತು. 212 ಚೀಟಿಗಳಲ್ಲಿ ಒಂಬತ್ತು ತಾಳೆಯಾಗಲಿಲ್ಲ. ಮೂರು ತಂತ್ರಾಂಶದ ತಪ್ಪುಗಳು. ಎರಡು, ಒಂದೇ ಮೊದಲಕ್ಷರದ ಅಣ್ಣತಮ್ಮಂದಿರ ಲೆಕ್ಕ ಅದಲುಬದಲಾದದ್ದು. ಉಳಿದ ನಾಲ್ಕು ಪುಸ್ತಕದ ಕೂಡುವಿಕೆಯವು. ಈ ಕೊನೆಯ ನಾಲ್ಕನ್ನು ಹುಡುಗರು ಎಲ್ಲರೆದುರಿಗೆ ಹೇಳದೆ, ಗುಮಾಸ್ತರಿಗೆ ಒಂಟಿಯಾಗಿ ತೋರಿಸಿದರು. ಇದನ್ನು ನಾವು ಅವರಿಗೆ ಕಲಿಸಿರಲಿಲ್ಲ.

ಕಟ್ಟಿದ್ದನ್ನು ಒಪ್ಪಿಸಿ ಹೋಗುವುದು ವಿದ್ಯಾರ್ಥಿ ಯೋಜನೆಗಳ ದುರ್ಬಲವಾದ ಗಂಟು. ಜೂನ್ ಬಂದಿತೆಂದರೆ ನಾಲ್ವರೂ ನಾಲ್ಕು ಕಡೆ. ಅದಕ್ಕಾಗಿ ಏಪ್ರಿಲಿನ ಮೇಲೆ ಹೊಸದೊಂದನ್ನೂ ಸೇರಿಸಕೂಡದೆಂದು ತಡೆದು, ಆ ಎರಡು ತಿಂಗಳನ್ನು ಕೈಪಿಡಿಗೆ ಮೀಸಲಿಟ್ಟೆವು. ಗುಮಾಸ್ತರು ಹೇಳಬೇಕು, ನಾಲ್ಕನೆಯ ಹುಡುಗ ಬರೆಯಬೇಕು. ಅವರಿಗೆ ತಿಳಿಯದ ವಾಕ್ಯವಿದ್ದರೆ ಅದನ್ನು ಹೊಡೆದುಹಾಕಬೇಕು. ಮೂವತ್ತು ಪುಟಗಳಾದವು. ಕಂಪ್ಯೂಟರೇ ಕೆಟ್ಟುಹೋದರೆ ದೇವರ ಕೋಣೆಯ ಡಬ್ಬಿಯಿಂದ ಎಲ್ಲವನ್ನೂ ಮತ್ತೆ ಎಬ್ಬಿಸುವುದು ಹೇಗೆಂಬುದಕ್ಕೆ ಅದರಲ್ಲಿ ಒಂದು ಅಧ್ಯಾಯ. ಮೂಲಬರಹದ ಪ್ರತಿಯೊಂದನ್ನು ವರ್ತಕರಿಗೂ ಕೊಡಿಸಿದೆವು. ಮುಂದೆ ಯಾರಿಂದಲಾದರೂ ಅವರು ಅದನ್ನು ತಿದ್ದಿಸಿಕೊಳ್ಳಬಹುದು. ಉಳಿದ ಹತ್ತು ಸಾವಿರ ಅಂದೇ ಸಂದಾಯವಾಯಿತು. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ, ಇಷ್ಟು ಸಾಧಾರಣವಾದ ಪರದೆಗಳಿಗೆ ಒಂದು ವರ್ಷವೇಕೆ ಹಿಡಿಯಿತೆಂಬ ಪ್ರಶ್ನೆ ಬಂದಿತಂತೆ. ಹುಡುಗಿ ಗೋಣಿಚೀಲದ ಸಂಗತಿಯನ್ನು ಹೇಳಿದಳೆಂದೂ, ಪ್ರಶ್ನೆಗಳು ಅಲ್ಲಿಗೆ ಮುಗಿದುವೆಂದೂ ತಿಳಿಯಿತು. ಅಂಕಗಳು ಮಧ್ಯಮವಾಗಿಯೇ ಬಂದವು.

ಈಗ ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಒಬ್ಬ ಮೈಸೂರಿನಲ್ಲಿ. ಹುಡುಗಿ ಬಾಳೆಹೊನ್ನೂರಿನ ತನ್ನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಕೊಯ್ಲಿನ ದಿನಗಳಲ್ಲಿ ತಂದೆಯ ಚೀಲಗಳನ್ನು ತಾನೇ ತೂಗುತ್ತಾಳಂತೆ. 2021ರ ಮಳೆಗಾಲದಲ್ಲಿ ಒಂದು ರಾತ್ರಿ ಸಿಡಿಲು ಬಡಿದು ಅಂಗಡಿಯ ಕಂಪ್ಯೂಟರು ಸುಟ್ಟುಹೋಯಿತು. ದಾರಿ ಕಡಿದಿದ್ದುದರಿಂದ ನಮಗೂ ಪೇಟೆಗೆ ಹೋಗಲಾಗಲಿಲ್ಲ. ನಾಲ್ಕನೆಯ ದಿನ ಗುಮಾಸ್ತರಿಂದ ಫೋನು ಬಂದಿತು. ಹೊಸ ಯಂತ್ರ ಬಂದಿದೆ, ಡಬ್ಬಿಯ ಪ್ರತಿಯಿಂದ ಲೆಕ್ಕವೆಲ್ಲ ಸರಿಯಾಗಿ ಎದ್ದಿದೆ, ಯಾರೂ ಬರಬೇಕಾದ್ದಿಲ್ಲ. ಆದರೆ ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಅದನ್ನು ಆ ಹುಡುಗನಿಗೆ ತಿಳಿಸಬೇಕೆಂದರು.